ಹಿತ್ತಲು ನೋಡಿ ಕೆಲಸ ಮಾಡಿ: ಶಿರಸಿ ಕಡೆಯ ಕೈತೋಟದ ಒಂದು ವರ್ಷ

"ಜೂನ್ ಮೊದಲ ವಾರ ಹೀರೆ ಬೀಜ ಹಾಕಿ" ಅಂತ ಎಲ್ಲೋ ಓದಿರುತ್ತೀರಿ. ಯಾವ ಜೂನ್? 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. 2025ರಲ್ಲಿ ಅದೇ ಮುಂಗಾರು ಮೇ 24ಕ್ಕೇ ಬಂದು ಬಾಗಿಲು ತಟ್ಟಿತು. ಒಂದು ವರ್ಷ ಜೂನ್ ಮೊದಲ ವಾರದಲ್ಲಿ ಕೊಡ ಹೊತ್ತು ನೀರು ಹಾಕಬೇಕು, ಇನ್ನೊಂದು ವರ್ಷ ಅದೇ ವಾರ ಬೀಜ ತೇಲಿ ಹೋಗುತ್ತದೆ. ಕ್ಯಾಲೆಂಡರ್‌ಗೆ ಇದು ಗೊತ್ತಿಲ್ಲ. ಹಿತ್ತಲಿಗೆ ಗೊತ್ತಿರುತ್ತದೆ.

ಅದಕ್ಕೇ ಈ ಬರಹದಲ್ಲಿ ತಾರೀಖು ಕಡಿಮೆ, ಗುರುತು ಜಾಸ್ತಿ. ಯಾವ ಹೂ ಬಿಟ್ಟಾಗ, ಯಾವ ಹುಳ ಕೂಗಿದಾಗ, ಮಣ್ಣು ಕೈಯಲ್ಲಿ ಹೇಗೆ ನಿಂತಾಗ ಏನು ಮಾಡಬೇಕು ಅನ್ನೋದು.

ನಮ್ಮ ಮನೆ ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ. ಹಿತ್ತಲು ಐದು ಗುಂಟೆ, ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತ ಕೆಂಪು ಮಣ್ಣು. ಅಕ್ಕನ ಮನೆ ಅಂಕೋಲಾದಲ್ಲಿ, ಅಲ್ಲಿ ಮರಳು ಮಣ್ಣು. ನಡುವೆ ದೇವಿಮನೆ ಘಟ್ಟ. ಇಬ್ಬರೂ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೆ ಕಾಲು ಗಂಟೆ ಹಿತ್ತಲಿನದೇ ಸುದ್ದಿ. ಅವಳಿಗೆ ಸರಿಯಾದದ್ದು ನನಗೆ ಸರಿಯಾಗೋದಿಲ್ಲ ಅಂತ ಅರ್ಥ ಆಗೋಕೆ ನನಗೆ ನಾಲ್ಕೈದು ವರ್ಷ ಬೇಕಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೈತೋಟ ಅಂದರೆ ನಾಲ್ಕು ತಿಂಗಳು ನೀರನ್ನು ಹೊರಗೆ ಕಳಿಸುವ ಕೆಲಸ, ನಾಲ್ಕು ತಿಂಗಳು ಅದೇ ನೀರನ್ನು ಹಿಡಿದಿಡುವ ಕೆಲಸ. ಗೊಬ್ಬರ, ತಳಿ, ಔಷಧ ಎಲ್ಲ ಆಮೇಲೆ.

ಮೊದಲು ಮೂರು ಸಾಮಾನು

ಒಂದು ನೋಟ್‌ಬುಕ್. ಮೊಬೈಲಿನಲ್ಲಿ ಬರೆದಿಟ್ಟರೂ ಆಗುತ್ತದೆ. ಆದರೆ ಕೆಸರು ಕೈಯಲ್ಲಿ ಮೊಬೈಲ್ ಹಿಡಿಯೋದಕ್ಕಿಂತ ಜಗಲಿಯ ಮೊಳೆಗೆ ನೇತು ಹಾಕಿದ ನೋಟ್‌ಬುಕ್, ದಾರಕ್ಕೆ ಕಟ್ಟಿದ ಪೆನ್ಸಿಲ್ ವಾಸಿ. ಪೆನ್ ಬೇಡ, ಮಳೆಗಾಲದ ತಂಪಿಗೆ ಶಾಯಿ ಹರಡುತ್ತದೆ. ದಿನಾ ಬರೆಯಬೇಕಿಲ್ಲ. ವಾರಕ್ಕೆ ಎರಡು ಸಾಲು ಸಾಕು: ಏನು ಹಾಕಿದೆ, ಏನು ಹೂ ಬಿಟ್ಟಿತು, ಏನು ಸತ್ತಿತು. ಸತ್ತಿದ್ದನ್ನು ತಪ್ಪದೇ ಬರೆಯಿರಿ. ನನ್ನ ಪುಸ್ತಕದಲ್ಲಿ ಅದೇ ಜಾಸ್ತಿ ಇದೆ.

ಎರಡನೆಯದು ಮಳೆ ಅಳೆಯುವ ಡಬ್ಬ. ಬಾಯಿ, ಬುಡ ಎರಡೂ ಒಂದೇ ಅಗಲ ಇರುವ, ಬದಿ ನೆಟ್ಟಗಿರುವ ಡಬ್ಬ ಯಾವುದಾದರೂ ಸರಿ. ಮರದ ಹನಿ, ಮಾಡಿನ ನೀರು ಬೀಳದ ಜಾಗದಲ್ಲಿಡಿ. ಬೆಳಗ್ಗೆ 8:30ಕ್ಕೆ ಸ್ಕೇಲ್ ಇಳಿಸಿ ನೋಡಿ, ಚೆಲ್ಲಿ. ಹವಾಮಾನ ಇಲಾಖೆಯವರು ಅಳೆಯುವುದೂ ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಈ ಕಡೆ ವರ್ಷಕ್ಕೆ ಹೆಚ್ಚು ಕಡಿಮೆ 2,500 ಮಿಲಿಮೀಟರ್ ಮಳೆ. ಅಂದರೆ 100 ಚದರ ಮೀಟರ್ ಮಾಡಿನ ಮೇಲೆ ಎರಡೂವರೆ ಲಕ್ಷ ಲೀಟರ್ ಬೀಳುತ್ತದೆ. ಈ ಲೆಕ್ಕ ಒಮ್ಮೆ ಹಾಕಿ ನೋಡಿದರೆ ಕಾದಿಗೆ (ನೀರು ಹರಿದು ಹೋಗುವ ಕಾಲುವೆ) ಯಾಕೆ ತೆಗೆಯಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯದು ನಾಲ್ಕಾರು ಗೂಟ. ಇವು ನೆರಳಿಗೆ. ಶಿರಸಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೊಮ್ಮೆ. ನಡುವೆ ಅವನು ಉತ್ತರಕ್ಕೆ ವಾಲಿರುತ್ತಾನೆ, ಉಳಿದ ತಿಂಗಳೆಲ್ಲ ದಕ್ಷಿಣಕ್ಕೆ. ಡಿಸೆಂಬರ್ ಮಧ್ಯಾಹ್ನ ಹತ್ತಡಿ ಗೋಡೆಯ ನೆರಳು ಉತ್ತರಕ್ಕೆ ಸುಮಾರು ಎಂಟಡಿ ಚಾಚುತ್ತದೆ. ಜೂನ್‌ನಲ್ಲಿ ಅದೇ ನೆರಳು ದಕ್ಷಿಣಕ್ಕೆ ಒಂದೂವರೆ ಅಡಿ ಅಷ್ಟೇ. ನಾನು ಮನೆಯ ಉತ್ತರ ಬದಿಗೆ, ಗೋಡೆಗೆ ಹತ್ತಿಕೊಂಡೇ ಟೊಮೆಟೊ ಹಾಕಿ ಎರಡು ವರ್ಷ ಬರೀ ಸೊಪ್ಪು ಬೆಳೆದೆ. ಮಳೆಗಾಲದಲ್ಲಿ ಬಿಸಿಲು ಕಂಡ ಜಾಗ ಅದು. ಚಳಿಗಾಲಕ್ಕೆ ಪೂರ್ತಿ ನೆರಳು. ತಿಂಗಳಿಗೊಮ್ಮೆ ಮಧ್ಯಾಹ್ನ ನೆರಳಿನ ತುದಿಗೆ ಗೂಟ ಹೊಡೆಯಿರಿ. ಒಂದು ವರ್ಷ ಸಾಕು, ಮತ್ತೆ ಆ ಕೆಲಸ ಇಲ್ಲ.

ಗುಡುಗು ಶುರುವಾದಾಗ

ಹಿತ್ತಲಿನ ಹೊಸ ವರ್ಷ ನನಗೆ ಜನವರಿಯೂ ಅಲ್ಲ, ಯುಗಾದಿಯೂ ಅಲ್ಲ. ಭರಣಿ ಮಳೆ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಹೊತ್ತಿಗೆ ಮೃಗಶಿರ. ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ನಕ್ಷತ್ರ ಮಳೆ ತರುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ವರ್ಷವನ್ನು ಹೀಗೆ ಸಣ್ಣ ಸಣ್ಣ ತುಂಡು ಮಾಡಿಟ್ಟದ್ದು ಬಹಳ ಉಪಯೋಗದ್ದು. "ಮೇ ತಿಂಗಳಲ್ಲಿ" ಅನ್ನೋದಕ್ಕಿಂತ "ಕೃತ್ತಿಕೆಯಲ್ಲಿ" ಅಂದರೆ ಹದಿನೈದು ದಿನದ ಒಳಗಿನ ಲೆಕ್ಕ.

ಈ ಹೊತ್ತಿನ ಗುರುತುಗಳು ಬಹಳ. ಜೀರುಂಡೆ ಕಿವಿ ಕಿವುಡಾಗುವಷ್ಟು ಕೂಗುತ್ತವೆ. ಮೊದಲ ಜೋರು ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತುತ್ತವೆ. ಆಮೇಲೆ ಮಿಂಚುಹುಳ. ಹಲಸಿನ ಮರದ ಕೊಂಬೆಯಿಂದ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂ) ಜಡೆಯ ಹಾಗೆ ಇಳಿಬಿಡುತ್ತದೆ. ದಂಡೆ ಅರಳಿತು ಅಂದರೆ ನನ್ನ ಕಾದಿಗೆ ಕೆಲಸ ಮುಗಿದಿರಲೇಬೇಕು. ಮುಗಿಯದಿದ್ದರೆ ಬೇರೆ ಎಲ್ಲ ಬಿಟ್ಟು ಅದನ್ನೇ ಮಾಡುತ್ತೇನೆ.

ಕೆಲಸದ ಕ್ರಮ ಹೀಗೆ.

ಮೊದಲ ಮಳೆಗೆ ಏನೂ ಬಿತ್ತಬೇಡಿ. ಮಣ್ಣಿನ ವಾಸನೆ ಬಂದ ಕೂಡಲೇ ಕೈ ತುರಿಸುತ್ತದೆ, ನನಗೂ ಗೊತ್ತು. ನಮ್ಮ ಅತ್ತೆ ಹೇಳುವುದು, "ಮೊದಲ ಮಳೆಗೆ ಬೀಜ ಹಾಕೋದು ಇರುವೆಗೆ ಬಡಿಸಿದ ಹಾಗೆ." ಆ ಮಳೆ ಕಳೆ ಹುಟ್ಟಿಸಲಿ. ಹತ್ತು ದಿನ ಬಿಟ್ಟು ಹುಟ್ಟಿದ ಕಳೆಯನ್ನೆಲ್ಲ ಕೆರೆದು ಅಲ್ಲೇ ಒಣಗಲು ಬಿಡಿ. ಮಳೆಗಾಲದ ಅರ್ಧ ಕಳೆ ಇಲ್ಲೇ ಮುಗಿಯಿತು.

ಎರಡನೆಯದು ಕಾದಿಗೆ. ಹಿತ್ತಲಿನ ಎತ್ತರದ ಕಡೆಯಿಂದ ಬರುವ ನೀರು ಮಡಿಗಳನ್ನು ಮುಟ್ಟದ ಹಾಗೆ ಸುತ್ತು ಹಾಕಿ ಹೋಗಬೇಕು. ಹಳೇ ಕಾದಿಗೆಯ ಹೂಳು ತೆಗೆದು ಮಡಿಗೇ ಹಾಕಿ, ಅದು ಒಳ್ಳೇ ಮಣ್ಣು. ಆಮೇಲೆ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಲ್ಲಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣು ಕೊರೆಯುತ್ತದೆ ಅಂತ ಹತ್ತು ನಿಮಿಷ ನೋಡಿದರೆ ಸಾಕು.

ಮೂರನೆಯದು ಮಡಿ. ಮೂರಡಿ ಅಗಲ, ಎರಡೂ ಬದಿಯಿಂದ ಕೈ ನಿಲುಕಬೇಕು, ಮಡಿ ತುಳಿಯಬಾರದು. ಎತ್ತರ ಒಂದು ಗೇಣು. ಅಕ್ಕನ ಮರಳು ಮಣ್ಣಿಗೆ ನಾಲ್ಕು ಬೆರಳು ಎತ್ತರ ಸಾಕಾಗುತ್ತದೆ, ನೀರು ತಾನೇ ಬಸಿಯುತ್ತದೆ. ನಮ್ಮ ಜಿಗುಟು ಮಣ್ಣಿಗೆ ಸಾಲದು. ಈ ಕೆಂಪು ಮಣ್ಣಿಗೆ ಹುಳಿ ಗುಣ ಜಾಸ್ತಿ. ಸುಣ್ಣ ಹಾಕುವುದಿದ್ದರೆ ಗೊಬ್ಬರಕ್ಕಿಂತ ಹದಿನೈದು ದಿನ ಮುಂಚೆ ಹಾಕಿ, ಎರಡೂ ಒಟ್ಟಿಗೆ ಬೇಡ. ನಾನು ಸುಣ್ಣಕ್ಕಿಂತ ಸುಡುಮಣ್ಣನ್ನೇ ನೆಚ್ಚಿದ್ದೇನೆ. ದರಕು (ಉದುರಿದ ಒಣ ಎಲೆ), ಕಡ್ಡಿಗಳ ಮೇಲೆ ಒಣ ಮಣ್ಣು ಮುಚ್ಚಿ ಮೆಲ್ಲಗೆ ಹೊಗೆಯಾಡಿಸಿದ ಮಣ್ಣು ಅದು. ಬೂದಿ, ಮಣ್ಣು ಎರಡೂ ಸೇರಿರುತ್ತದೆ. ಮಡಿಗೆ ಎರಡು ಬುಟ್ಟಿ, ಅದರ ಜೊತೆ ಕಳಿತ ಕೊಟ್ಟಿಗೆ ಗೊಬ್ಬರ.

ನಾಲ್ಕನೆಯದು ಚಪ್ಪರ. ಬಳ್ಳಿ ಹಬ್ಬಿದ ಮೇಲೆ ಚಪ್ಪರ ಕಟ್ಟುವವರನ್ನು ನೋಡಿದ್ದೇನೆ, ನಾನೂ ಕಟ್ಟಿದ್ದೇನೆ. ಬೇಡ. ಅಡಿಕೆ ದಬ್ಬೆ, ಬಿದಿರು ಗಳ ಒಣಗಿರುವ ಈಗಲೇ ಕಟ್ಟಿ. ಎತ್ತರ ನಿಮ್ಮ ಕೈ ಎಟಕುವಷ್ಟು ಮಾತ್ರ. ಏಣಿ ಹಾಕಿ ಹಾಗಲಕಾಯಿ ಕೊಯ್ಯುವುದು ಚೆಂದದ ಕೆಲಸ ಅಲ್ಲ, ಅದೂ ಮಳೆಯಲ್ಲಿ.

ಇಷ್ಟಾದ ಮೇಲೆ ಗಡ್ಡೆಗಳು. ಶುಂಠಿ, ಅರಿಶಿನ, ಕೆಸು, ಸುವರ್ಣಗಡ್ಡೆ ಕೃತ್ತಿಕೆಯ ಹೊತ್ತಿಗೆ ಮಣ್ಣು ಸೇರಲಿ. ಡೇರೆ (ಡೇಲಿಯಾ) ಗಡ್ಡೆ ಕೂಡ. ಡೇರೆ ಹೂವಿನ ವಿಷಯದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಇರುವ ಹುಚ್ಚು ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಮದುವೆ ಮನೆಯಲ್ಲಿ ಕೂಡ "ನಿಮ್ಮನೆ ಆ ಕಡುಗೆಂಪು ಡೇರೆ ಗಡ್ಡೆ ಒಂದು ಕೊಡು ಮಾರಾಯ್ತಿ" ಅನ್ನುವ ಮಾತು ಬಂದೇ ಬರುತ್ತದೆ. ಗಡ್ಡೆ ಇಡುವಾಗ ಕಾಂಡ ಅಂಟಿಕೊಂಡ ಕುತ್ತಿಗೆ ಇರಬೇಕು, ಮೊಳಕೆ ಬರುವುದು ಅಲ್ಲಿಂದ. ಬರೀ ಗಡ್ಡೆ ಎಷ್ಟು ದಪ್ಪ ಇದ್ದರೂ ಪ್ರಯೋಜನ ಇಲ್ಲ. ಕೋಲನ್ನು ಗಡ್ಡೆ ಇಡುವಾಗಲೇ ಊರಿ. ಆಮೇಲೆ ಚುಚ್ಚಿದರೆ ಗಡ್ಡೆಗೇ ತಾಗುತ್ತದೆ.

ಕೊನೆಗೆ ಬೀಜ. ಬಿತ್ತುವ ದಿನ ಗೊತ್ತು ಮಾಡುವುದು ಹೇಗೆ? ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಕೈ ಬಿಟ್ಟ ಕೂಡಲೇ ಉದುರಿದರೆ ಇನ್ನೂ ಕಾಯಿರಿ. ಉಂಡೆ ನಿಂತು, ಹೆಬ್ಬೆರಳು ಒತ್ತಿದಾಗ ಒಡೆದರೆ ಅವತ್ತೇ ಬಿತ್ತಿ. ಬೆರಳ ಸಂದಿಯಲ್ಲಿ ನೀರು ಇಳಿದರೆ ತಡ ಆಗಿದೆ. ಆಗ ಮಾಡಿನ ಕೆಳಗೆ ತೆಂಗಿನ ಚಿಪ್ಪಿನಲ್ಲೋ ಹಾಲಿನ ಪ್ಯಾಕೆಟ್ಟಿನಲ್ಲೋ ಸಸಿ ಮಾಡಿ, ನಾಲ್ಕು ಎಲೆ ಬಂದ ಮೇಲೆ ಮಡಿಗೆ ದಾಟಿಸಿ. ಬುಡದಲ್ಲಿ ತೂತು ಮಾಡುವುದು ಮರೆಯಬೇಡಿ.

ಹೀರೆ, ಹಾಗಲ, ಪಡವಲ, ಮೊಗೆಕಾಯಿ (ಸಾಂಬಾರ್ ಸೌತೆ), ಮುಳ್ಳುಸೌತೆ, ಬೆಂಡೆ, ಅಲಸಂದೆ ಇವು ಮಳೆಗಾಲದ ಸಂಸಾರ. ಹಾಗಲದ ಸಿಪ್ಪೆ ಗಟ್ಟಿ, ರಾತ್ರಿ ನೆನೆಸಿ ಹಾಕಿ. ಬೀಜದ ದಪ್ಪಕ್ಕೆ ಎರಡು ಪಟ್ಟು ಆಳ ಸಾಕು. ಒಂದೇ ದಿನ ಎಲ್ಲ ಹಾಕಬೇಡಿ. ಅರ್ಧ ಈಗ, ಅರ್ಧ ಹತ್ತು ದಿನ ಬಿಟ್ಟು. ಒಂದು ತಂಡ ಕೊಳೆತರೆ ಇನ್ನೊಂದು ಉಳಿಯುತ್ತದೆ.

ಬೀಜ ಎಲ್ಲಿಂದ ತರುವುದು ಅಂತ ಕೇಳುತ್ತಾರೆ. ನೆರೆಮನೆಯಿಂದ. ಒಮ್ಮೆ ಪೇಟೆಯ ಅಂಗಡಿಯಿಂದ ಬಣ್ಣದ ಚಿತ್ರ ಇದ್ದ ಹೀರೆ ಬೀಜ ತಂದಿದ್ದೆ. ಬಳ್ಳಿ ಮಾಡು ಹತ್ತಿತು, ಕಾಯಿ ಮೂರು. ಚಿತ್ರ ಮಾತ್ರ ಇನ್ನೂ ಚೆನ್ನಾಗಿದೆ. ನಮ್ಮ ಮಳೆ ಉಂಡು ಬೆಳೆದ ತಳಿ ಬೇಕಾದರೆ ಶಿರಸಿಯಲ್ಲಿ ವನಸ್ತ್ರೀ ಬಳಗದವರ ಮಲೆನಾಡು ಮೇಳಕ್ಕೆ ಹೋಗಿ. ಹಿತ್ತಲಿನ ಹೆಂಗಸರು ತಮ್ಮ ತಮ್ಮ ಬೀಜ ತಂದು ಕೊಡುವ, ಬದಲು ಮಾಡಿಕೊಳ್ಳುವ ಜಾಗ ಅದು.

ಆರಿದ್ರೆಯಿಂದ ಪುಷ್ಯದವರೆಗೆ

ಜೂನ್ ಕೊನೆಯಿಂದ ಆಗಸ್ಟ್ ಮೊದಲವರೆಗೆ ಹಿತ್ತಲಿನಲ್ಲಿ ನಿಮ್ಮ ಕೆಲಸ ಕಡಿಮೆ, ಉಂಬಳದ (ರಕ್ತ ಹೀರುವ ಜಿಗಣೆಯ) ಕೆಲಸ ಜಾಸ್ತಿ. ಮಣ್ಣು ಅಗೆಯಬೇಡಿ, ಗೊಬ್ಬರ ಹಾಕಬೇಡಿ, ಎರಡೂ ಹೊಳೆ ಸೇರುತ್ತವೆ. ಕಾದಿಗೆಗೆ ಎಲೆ ಕಟ್ಟಿಕೊಂಡಿದೆಯಾ ಅಂತ ದಿನಾ ನೋಡಿ.

ಆದರೆ ಕೋಲು ನೆಟ್ಟು ಗಿಡ ಮಾಡುವುದಕ್ಕೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ. ದಾಸವಾಳ, ಬೇಲಿಯ ಗೊಬ್ಬರದ ಗಿಡ, ಕಾಳುಮೆಣಸಿನ ಬಳ್ಳಿ, ವೀಳ್ಯದೆಲೆ, ಮಲ್ಲಿಗೆ ಏನು ಊರಿದರೂ ಚಿಗುರುತ್ತದೆ.

ಈಗಿನ ದೊಡ್ಡ ಕಳ್ಳ ಬಸವನಹುಳು. ಒಂದು ರಾತ್ರಿಗೆ ಇಡೀ ಸಾಲು ಬೆಂಡೆ ಸಸಿ ಬೋಳು. ಉಪ್ಪು ಹಾಕುತ್ತಾರೆ, ಹಾಕಬೇಡಿ, ಮಣ್ಣು ಕೆಡುತ್ತದೆ. ಸಂಜೆ ಪಪ್ಪಾಯ ಎಲೆ, ಸೌತೆ ಸಿಪ್ಪೆ ಒಂದು ಮೂಲೆಯಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಮುಚ್ಚಿ. ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಹೋದರೆ ಎಲ್ಲ ಅಲ್ಲೇ ಊಟಕ್ಕೆ ಕೂತಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಪ್ಲಾಸ್ಟಿಕ್ ಕವರ್ ಕೈಗೆ ಹಾಕಿಕೊಂಡು ಹೆಕ್ಕಿ.

ಹಿತ್ತಲಿನಲ್ಲಿ ನಾಲ್ಕು ಅಡಿಕೆ ಮರ, ಮೆಣಸಿನ ಬಳ್ಳಿ ಇದ್ದರೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಬೇಕಾಗುತ್ತದೆ. ಒಂದು ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಚಾಕು ಅದ್ದಿ ನೋಡಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ. ತಿನ್ನುವ ಸೊಪ್ಪಿಗೆ ಬೇಡ.

ಬಿಸಿಲು ಮಳೆಯ ದಿನಗಳು

ನಾಗರಪಂಚಮಿಗೆ ಅರಿಶಿನ ಎಲೆ ಕಡುಬು ಕಟ್ಟುವಷ್ಟು ಅಗಲ ಆಗಿದೆಯಾ? ಆಗಿದ್ದರೆ ನಿಮ್ಮ ಮೇ ತಿಂಗಳ ಕೆಲಸ ಸರಿಯಾಗಿದೆ ಅಂತ. ಎಲೆ ಕಿರಿದಾಗಿ, ಹಳದಿ ತಿರುಗಿದ್ದರೆ ಬುಡದಲ್ಲಿ ನೀರು ನಿಂತಿದೆ. ಇದು ನನ್ನ ಹಿತ್ತಲಿನ ಪರೀಕ್ಷೆ, ಪ್ರತಿ ವರ್ಷ ಬರೆಯುತ್ತೇನೆ.

"ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅಂತ ಗಾದೆ. ಗದ್ದೆಗೆ ಸರಿ. ಚಪ್ಪರದ ಬಳ್ಳಿಗೆ ಮಾತ್ರ ಆಗಸ್ಟ್‌ನ ಜಡಿಮಳೆ ಬೇಡ. ಹೂ ರಾಶಿ ರಾಶಿ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಆಗ ಎಲ್ಲರೂ ಗೊಬ್ಬರ ಸಾಲದು ಅಂದುಕೊಳ್ಳುತ್ತಾರೆ. ಗೊಬ್ಬರ ಅಲ್ಲ, ಜೇನು ಬರುತ್ತಿಲ್ಲ. ಮಳೆಯಲ್ಲಿ ಅವು ಗೂಡು ಬಿಟ್ಟು ಹೊರಡುವುದಿಲ್ಲ.

ಜೇನಿನ ಕೆಲಸ ನೀವೇ ಮಾಡಿ. ಹೂವಿನ ಹಿಂದೆ ಬೆರಳಿನಷ್ಟು ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟು ಇದ್ದರೆ ಗಂಡು. ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಹೊತ್ತು ಮುಖ್ಯ. ಸೌತೆ, ಮೊಗೆ, ಹಾಗಲ ಅರಳುವುದು ಬೆಳಗ್ಗೆ. ಹೀರೆ ಅರಳುವುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಪಡವಲದ ಬಿಳಿ ಜಾಲರಿ ಹೂ ರಾತ್ರಿ. ಬೆಳಗ್ಗೆ ಎದ್ದು ಹೀರೆಗೆ ಈ ಉಪಚಾರ ಮಾಡಿದರೆ ಏನೂ ಆಗುವುದಿಲ್ಲ. ನಾನು ಒಂದು ಇಡೀ ಶ್ರಾವಣ ಹಾಗೇ ಮಾಡಿದೆ. ಅಕ್ಕನಿಗೆ ಹೇಳಿದಾಗ ಐದು ನಿಮಿಷ ನಕ್ಕಳು. "ಹೀರೆ ಹೂ ಅರಳುವಾಗ ನೀನು ಟಿವಿ ಮುಂದೆ ಕೂತಿರ್ತೀಯಲ್ಲೇ!"

ಕಾಯಿ ಕಚ್ಚಿದ ಮೇಲೆ ಹಣ್ಣುನೊಣ. ಎಳೆ ಕಾಯಿಗೆ ಸೂಜಿ ಚುಚ್ಚಿದಂಥ ಗುರುತು, ಅಲ್ಲಿಂದ ಅಂಟು, ಆಮೇಲೆ ಕಾಯಿ ಸೊಟ್ಟ. ಒಳಗೆ ಹುಳ. ಕಾಯಿ ಹೆಬ್ಬೆರಳಿನಷ್ಟಾದಾಗಲೇ ಹಳೇ ಬಟ್ಟೆಯ ಚೀಲವೋ ಕಾಗದದ ಕೊಟ್ಟೆಯೋ ಕಟ್ಟಿ. ಬಿದ್ದ ಕಾಯಿ ಅಲ್ಲೇ ಬಿಡಬೇಡಿ, ಗೊಬ್ಬರ ಗುಂಡಿಗೂ ಹಾಕಬೇಡಿ. ಬಿಗಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಲಿಗಿಡಿ, ಒಳಗಿನ ಹುಳ ಸಾಯುತ್ತದೆ. ನೊಣ ಹಿಡಿಯುವ ಮೋಹಕ ಬಲೆ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಬಳ್ಳಿ ತರಕಾರಿಗೆ ಅಂತ ಕೇಳಿ. ಮಾವಿನ ನೊಣದ ಬಲೆಗೆ ಈ ನೊಣ ಬರುವುದಿಲ್ಲ.

ಚೌತಿಗೆ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತೇವಲ್ಲ, ಅದು ಹಿತ್ತಲಿನ ವಾರ್ಷಿಕ ಲೆಕ್ಕಪತ್ರ. ಹೀರೆ, ಹಾಗಲ, ಮೊಗೆ, ಪಡವಲ, ಎಳೆ ಅಡಿಕೆ ಗೊನೆ, ಡೇರೆ ಹೂ. ಪೇಟೆಯಿಂದ ತಂದದ್ದು ಎಷ್ಟು, ಮನೆಯದ್ದು ಎಷ್ಟು ಅಂತ ಎಣಿಸಿದರೆ ಗೊತ್ತಾಗುತ್ತದೆ.

ಬೀಜಕ್ಕೆ ಬಿಡುವ ಕಾಯಿಯನ್ನು ಗುರುತು ಮಾಡುವುದೂ ಈಗಲೇ. ಬಳ್ಳಿಯಲ್ಲಿ ಉಳಿದ ಕೊನೇ ಕಾಯಿಯನ್ನು ಬೀಜಕ್ಕೆ ಬಿಡುವ ಅಭ್ಯಾಸ ನಮಗೆ. ತಿನ್ನೋಕೆ ಒಳ್ಳೇದು, ಬೀಜಕ್ಕೆ ಸೊಟ್ಟದ್ದು. ಇದು ತಿರುಗಬೇಕು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಪದ್ಮಶ್ರೀ ಪಡೆದರಲ್ಲ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಅವರು ಹೆಸರಾದದ್ದೇ ಒಳ್ಳೇ ತಾಯಿಮರ ಗುರುತಿಸಿ ಅದರ ಬೀಜ ಆರಿಸುವುದಕ್ಕೆ. ಹಿತ್ತಲಿನ ಬೆಂಡೆಗೂ ಅದೇ ಲೆಕ್ಕ. ರೋಗ ಬಾರದ, ಬೇಗ ಕಾಯಿ ಬಿಟ್ಟ ಗಿಡಕ್ಕೆ ಕೆಂಪು ದಾರ ಕಟ್ಟಿ. ಅದರ ಎರಡನೆಯದೋ ಮೂರನೆಯದೋ ಕಾಯಿಯನ್ನು ಮುಟ್ಟಬೇಡಿ ಅಂತ ಮನೆಯವರಿಗೆಲ್ಲ ಹೇಳಿ. ಎರಡು ಸಲ ಹೇಳಿ. ನಮ್ಮನೆಯಲ್ಲಿ ಕೆಂಪು ದಾರದ ಬೆಂಡೆ ಒಮ್ಮೆ ಸಾಸಿವೆ ಅಡುಗೆಗೆ ಸೇರಿತ್ತು.

ಎರಡನೇ ಬಿತ್ತನೆ, ಬಹಳ ಜನ ತಪ್ಪಿಸಿಕೊಳ್ಳುವುದು

ಹಸ್ತ, ಚಿತ್ತೆ, ಸ್ವಾತಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲವರೆಗೆ. ನನ್ನ ಪ್ರಕಾರ ವರ್ಷದ ಅತಿ ಒಳ್ಳೇ ಐದಾರು ವಾರ. ಆದರೆ ಈ ಹೊತ್ತಿಗೆ ಎಲ್ಲರಿಗೂ ಮಳೆ ಸಾಕಾಗಿರುತ್ತದೆ, ಹಿಂದೆಯೇ ಅಡಿಕೆ ಕೊಯ್ಲು, ದೀಪಾವಳಿ. ಹಿತ್ತಲು ನೆನಪಾಗುವಾಗ ಡಿಸೆಂಬರ್, ಮಣ್ಣು ಕಲ್ಲು.

ಗುರುತು ನೋಡಿ. ಅಂಗಳದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ ಹಾರುತ್ತವೆ. ಬೆಳಗ್ಗೆ ಬೇಲಿಯ ಜೇಡರ ಬಲೆಯಲ್ಲಿ ಇಬ್ಬನಿ ನಿಂತಿರುತ್ತದೆ. ಮಳೆ ದಿನವಿಡೀ ಬರುವುದು ಬಿಟ್ಟು ಮಧ್ಯಾಹ್ನ ಮೂರರ ಮೇಲೆ ಗುಡುಗಿನೊಂದಿಗೆ ಬರುತ್ತದೆ. ಉತ್ತರದಿಂದ ಬಂದ ನವರಂಗ ಹಕ್ಕಿ ಮುಸ್ಸಂಜೆಗೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಅದರ ಸಿಳ್ಳೆ ಕೇಳಿದ ದಿನ ನಾನು ಪುಸ್ತಕದಲ್ಲಿ ಕೆಂಪು ಗೆರೆ ಹಾಕುತ್ತೇನೆ. ಗುದ್ದಲಿ ಹೊರಗೆ ಬರಬೇಕು.

ಇಲ್ಲಿ ಗುಟ್ಟು ಇಷ್ಟೇ, ಸಸಿ ಮೊದಲೇ ತಯಾರಿರಬೇಕು. ಮೆಣಸು, ಬದನೆ, ಟೊಮೆಟೊ ಬೀಜವನ್ನು ಚೌತಿಯ ಹೊತ್ತಿಗೇ ಮಾಡಿನ ಕೆಳಗೆ ಹಾಕಿ. ನಾಟಿಗೆ ಬರಲು ಅವಕ್ಕೆ ನಾಲ್ಕರಿಂದ ಆರು ವಾರ ಬೇಕು. ಮಳೆ ನಿಂತ ಮೇಲೆ ಬೀಜ ಹಾಕಿದರೆ ನಾಟಿ ಮಾಡುವಾಗ ಮಣ್ಣಿನ ತಂಪೆಲ್ಲ ಹೋಗಿರುತ್ತದೆ. ಸಸಿಯ ಪಾತ್ರೆಗೆ ನೀರು ಕಡಿಮೆ ಹಾಕಿ. ಬುಡ ಕಪ್ಪಾಗಿ ಕುಸಿದು ಬೀಳುವ ರೋಗ ಈ ತಂಪಿನಲ್ಲಿ ಬೇಗ ಬರುತ್ತದೆ. ಒಂದು ವರ್ಷ ಎಂಬತ್ತು ಮೆಣಸಿನ ಸಸಿ ಎರಡು ದಿನದಲ್ಲಿ ಮಲಗಿದವು. ಪ್ರೀತಿ ಜಾಸ್ತಿಯಾಗಿ ದಿನಾ ನೀರು ಹಾಕಿದ್ದೆ.

ನೇರ ಬಿತ್ತುವವು: ಮೂಲಂಗಿ, ಬೀನ್ಸ್, ಅವರೆ, ಹರಿವೆ, ಕೊತ್ತಂಬರಿ. ಹರಿವೆ ಬೀಜಕ್ಕೆ ನಾಲ್ಕು ಪಾಲು ಒಣ ಮರಳು ಬೆರೆಸಿ ಚೆಲ್ಲಿ, ಇಲ್ಲವಾದರೆ ಒಂದೇ ಕಡೆ ಗುಡ್ಡೆ. ನಾಲ್ಕು ವಾರಕ್ಕೆ ಸಾಂಬಾರಿಗೆ ಬರುತ್ತದೆ. ಕೊತ್ತಂಬರಿಯನ್ನು ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕಿ.

ಬಸಳೆ ಕಡ್ಡಿ ಊರುವುದೂ ಈಗಲೇ. ಮಳೆಗಾಲದಲ್ಲಿ ಅದಕ್ಕೆ ಎಲೆಚುಕ್ಕೆ, ಬುಡ ಕೊಳೆ. ಈಗ ಊರಿದರೆ ಜನವರಿಗೆ ಚಪ್ಪರ ತುಂಬುತ್ತದೆ. ಬಚ್ಚಲ ನೀರು ಹೋಗುವ ದಾರಿಯಲ್ಲಿ ಜಾಗ ಕೊಡಿ, ಬೇಸಿಗೆಯಲ್ಲಿ ಬದುಕುತ್ತದೆ.

ಆಮೇಲೆ ಮುಚ್ಚಿಗೆ. ಕೊನೇ ದೊಡ್ಡ ಮಳೆ ಬಂದ ಮಾರನೇ ದಿನ, ಮಣ್ಣು ಹಸಿ ಇರುವಾಗಲೇ, ಮಡಿಗಳ ಮೇಲೆ ನಾಲ್ಕು ಬೆರಳು ದಪ್ಪ ದರಕು, ಒಣ ಹುಲ್ಲು, ಅಡಿಕೆ ಸೋಗೆ ಕತ್ತರಿಸಿ ಹರಡಿ. ಒಣಗಿದ ಮೇಲೆ ಮುಚ್ಚಿದರೆ ಒಣ ಮಣ್ಣನ್ನೇ ಕಾಪಾಡಿದ ಹಾಗೆ. ಯಾವುದು ಕೊನೇ ಮಳೆ ಅಂತ ಹೇಗೆ ಗೊತ್ತು? ಗೊತ್ತಾಗುವುದಿಲ್ಲ. ಸ್ವಾತಿ ಕಾಲಿಟ್ಟ ಮೇಲೆ ಬಂದ ಪ್ರತಿ ಮಳೆಯನ್ನೂ ಕೊನೇದು ಅಂದುಕೊಳ್ಳುತ್ತೇನೆ. ಮುಚ್ಚಿಗೆಯ ಮೇಲೆ ಇನ್ನೊಂದು ಮಳೆ ಬಂದರೆ ನಷ್ಟ ಏನಿಲ್ಲ. ಗಿಡದ ಬುಡಕ್ಕೆ ಮಾತ್ರ ತಾಗಿಸಬೇಡಿ, ಎರಡು ಬೆರಳು ಜಾಗ ಬಿಡಿ.

ಚಳಿಗೆ

ಇಲ್ಲಿ ಹೇಳುವುದು ಕಡಿಮೆ. ಗಿಡ ತಾನೇ ಬೆಳೆಯುತ್ತದೆ, ಕೊಯ್ದು ತಿನ್ನಿ. ಸೇವಂತಿಗೆ, ಗೋರಟೆ ಹೂವಿನ ಕಾಲ. ಡೇರೆ ಗಿಡ ಒಣಗಿದ ಮೇಲೆ ಗಡ್ಡೆ ಕಿತ್ತು, ಮಣ್ಣು ಕೊಡವಿ, ಒಣ ಮರಳಿನ ಬುಟ್ಟಿಯಲ್ಲಿ ಜಗಲಿ ಮೂಲೆಗಿಡಿ. ಬಣ್ಣದ ಚೀಟಿ ಕಟ್ಟಿ, ಎಲ್ಲ ಗಡ್ಡೆಯೂ ನೋಡಲು ಒಂದೇ ಥರ. ಸುವರ್ಣಗಡ್ಡೆಯ ಕಾಂಡ ಮಲಗಿದರೆ ಕೀಳುವ ಹೊತ್ತು. ತಡ ಮಾಡಿದರೆ ಮುಳ್ಳುಹಂದಿ ನಿಮಗಿಂತ ಮೊದಲು ಬರುತ್ತದೆ.

ಮಾವು ಹೂ ಬಿಟ್ಟಾಗ ಔಷಧ ಹೊಡೆಯಬೇಡಿ, ಜೇನು ಸಾಯುತ್ತವೆ. ಕರಾವಳಿಯವರಿಗೆ ಇದು ಈರುಳ್ಳಿಯ ಕಾಲ. ಬೇಸಿಗೆಯಲ್ಲಿ ಕುಮಟಾ ದಾರಿಯ ಬದಿಗೆ ಜಡೆ ಹೆಣೆದು ನೇತು ಹಾಕುವ ಸಿಹಿ ಈರುಳ್ಳಿ ಬೆಳೆಯುವುದು ಈ ತಿಂಗಳುಗಳಲ್ಲೇ, ಭತ್ತ ಕೊಯ್ದ ಗದ್ದೆಯಲ್ಲಿ. ಅಕ್ಕ ಮರಳು ಮಣ್ಣಿನಲ್ಲಿ ಸಲೀಸಾಗಿ ಬೆಳೆಯುತ್ತಾಳೆ. ನಾನು ಎರಡು ಸಲ ಹಾಕಿ ಗೋಲಿಯಷ್ಟು ಗಡ್ಡೆ ಕಂಡು ಕೈಬಿಟ್ಟೆ.

ಬಿಸಿಲಿಗೆ

ಸುರಗಿ ಹೂವಿನ ವಾಸನೆ ಬಂತು ಅಂದರೆ ಬೇಸಿಗೆ ಅಂಗಳಕ್ಕೆ ಬಂದಿದೆ. ಅಪ್ಪೆಮಿಡಿ ಉಪ್ಪಿಗೆ ಬೀಳುವ ಹೊತ್ತು. ಮಾರಿಕಾಂಬಾ ಜಾತ್ರೆ ಇರುವ ವರ್ಷವಾದರೆ ಮನೆ ತುಂಬ ನೆಂಟರು, ಹಿತ್ತಲಿಗೆ ನೀರು ಹಾಕುವವರು ಯಾರೂ ಇಲ್ಲ. ಆ ವಾರಕ್ಕೆ ಮೊದಲೇ ವ್ಯವಸ್ಥೆ ಮಾಡಿ.

ಬಾವಿಯ ಒಳಗೋಡೆಯಲ್ಲಿ ಬಣ್ಣದಿಂದ ಅಡಿ ಅಡಿಗೆ ಗುರುತು ಹಾಕಿ. ಪ್ರತಿ ಭಾನುವಾರ ನೀರು ಯಾವ ಗುರುತಿಗೆ ಇಳಿಯಿತು ಅಂತ ಬರೆಯಿರಿ. ಹೋದ ವರ್ಷಕ್ಕಿಂತ ಬೇಗ ಇಳಿಯುತ್ತಿದ್ದರೆ ಮಾರ್ಚ್‌ನಲ್ಲೇ ತೀರ್ಮಾನ ಮಾಡಬೇಕು, ಯಾವ ಮಡಿ ಬಿಡುವುದು, ಯಾವುದನ್ನು ಉಳಿಸುವುದು. ನಾನು ಮೊದಲು ಬಿಡುವುದು ಟೊಮೆಟೊ, ಕೊನೆಗೆ ಬಿಡುವುದು ಬಸಳೆ.

ನೀರು ಬೆಳಗ್ಗೆ ಬೇಗ ಹಾಕಿ. ದಿನಾ ಒಂದು ಚೆಂಬಿಗಿಂತ ಮೂರು ದಿನಕ್ಕೊಮ್ಮೆ ಒಂದು ಕೊಡ ಒಳ್ಳೇದು, ಬೇರು ಕೆಳಗೆ ಇಳಿಯುತ್ತದೆ. ಹೊಸದಾಗಿ ನೆಟ್ಟ ಹಣ್ಣಿನ ಗಿಡದ ಪಕ್ಕ ಹಳೇ ಮಣ್ಣಿನ ಗಡಿಗೆ ಕತ್ತಿನವರೆಗೆ ಹೂತು ನೀರು ತುಂಬಿಸಿ ಬಾಯಿ ಮುಚ್ಚಿಡಿ, ಅದು ಜಿನುಗುತ್ತಾ ಇರುತ್ತದೆ. ಬಣ್ಣ ಬಳಿದ ಗಡಿಗೆ ಜಿನುಗುವುದಿಲ್ಲ.

ಹಿತ್ತಲಿನಲ್ಲಿ ಕಾಫಿ ಗಿಡ ಇದ್ದರೆ ಒಂದು ಚೆಂದದ ಲೆಕ್ಕ ನೋಡಬಹುದು. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಒಳ್ಳೇ ಮಳೆ ಬಿದ್ದ ದಿನ ಬರೆದಿಡಿ. ಎಂಟರಿಂದ ಹತ್ತು ದಿನಕ್ಕೆ ಗಿಡ ಪೂರ್ತಿ ಬೆಳ್ಳಗೆ. ಮಕ್ಕಳಿಗೆ ಮೊದಲೇ "ಇಂಥ ದಿನ ಅರಳುತ್ತದೆ" ಅಂತ ಹೇಳಿ ದೊಡ್ಡವರು ಅನ್ನಿಸಿಕೊಳ್ಳಬಹುದು.

ಏಪ್ರಿಲ್ ಎರಡನೇ ವಾರ ಅಟ್ಟದ ಬೀಜ ಕೆಳಗಿಳಿಸಿ. ಒಲೆಯ ಹೊಗೆಗೆ ನೇತು ಹಾಕಿದ ಒಣ ಹೀರೆ, ಬೂದಿಯಲ್ಲಿ ಕಲಸಿ ಗೋಡೆಗೆ ಬಡಿದ ಸೌತೆ ಬೀಜ, ಬಾಟಲಿಯ ಬೆಂಡೆ. ಬೆಳಗಿನ ಎಳೆ ಬಿಸಿಲಿನಲ್ಲಿ ಒಂದೆರಡು ತಾಸು ಆರಿಸಿ. ಆಮೇಲೆ ಪ್ರತಿಯೊಂದರಲ್ಲೂ ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಡಿಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಒಂದು ವಾರದಲ್ಲಿ ಏಳೆಂಟು ಮೊಳೆತರೆ ಬೀಜ ಗಟ್ಟಿ. ನಾಲ್ಕೈದೇ ಮೊಳೆತರೆ ಗುಳಿಗೆ ಎರಡರ ಬದಲು ನಾಲ್ಕು ಹಾಕಿ. ಒಂದೆರಡೇ ಬಂದರೆ ಅಂಗಡಿಗೆ ಹೋಗುವ ಮೊದಲು ಆಚೆಮನೆಗೆ ಹೋಗಿ ಕೇಳಿ, ಭರಣಿಗೆ ಇನ್ನೂ ಹತ್ತು ದಿನ ಇರುತ್ತದೆ. ಹೋಗುವಾಗ ಒಂದು ಡೇರೆ ಗಡ್ಡೆ ಹಿಡಿದುಕೊಂಡು ಹೋದರೆ ಇಲ್ಲ ಅನ್ನುವವರು ಕಡಿಮೆ.